ಮ್ಯಾಥ್ಯೂಸನ್ನನ ಬಲಗೈ

ಕ್ರಿಕೆಟ್ ಆಟದಲ್ಲಿ ಬೌಲರನು ಮೊಣಕೈಯನ್ನು ಮಡಿಸಿ ಚೆಂಡನ್ನು ಎಸೆದನೆಂದರೆ ಅಂಪೈರನು ಒಡನೆಯೇ ಕೈಚಾಚಿ 'ನೋ ಬಾಲ್' ಎಂದು ಕೂಗುತ್ತಾನೆ. ನಮ್ಮ ಕಣ್ಣಿಗೆ ಅದು ಆಟದ ಮರ್ಯಾದೆಯನ್ನು ಮೀರಿದ ನಡತೆ. ಆದರೆ ಅಟ್ಲಾಂಟಿಕ್ ಸಾಗರದ ಆಚೆಯ ದಡದಲ್ಲಿ ಇದೇ ಎಸೆತವು ಒಂದು ವಿದ್ಯೆಯಾಗಿ ಬೆಳೆದು, ಅದರಲ್ಲಿ ನಿಪುಣರಾದವರು ಮಂತ್ರಿಗಳಿಗೂ ಪಂಡಿತರಿಗೂ ದೊರೆಯದ ಕೀರ್ತಿಯನ್ನು ಪಡೆದರು. ಅಮೆರಿಕದವರ ಈ ಬೇಸ್‌ಬಾಲ್ ಆಟವನ್ನು ನಮ್ಮಲ್ಲಿ ಕಂಡವರು ಕಡಮೆ. ಬಲ್ಲವರು ಇನ್ನೂ ಕಡಮೆ. ಹಾಗಿದ್ದರೂ ಆ ಆಟವನ್ನು ಆಡಿ ಬಾಳಿದ ಕ್ರಿಸ್ಟಿ ಮ್ಯಾಥ್ಯೂಸನ್ ಎಂಬಾತನ ಚರಿತ್ರೆಯನ್ನು ತಿಳಿಯುವುದಕ್ಕೆ ಆಟದ ಗೀಳು ಇರಲೇಬೇಕೆಂಬ ನಿಯಮವೇನೂ ಇಲ್ಲವೆಂದು ನಾವು ಭಾವಿಸುತ್ತೇವೆ.

ಮೊದಲು ಆಟದ ಕ್ರಮವನ್ನು ಸ್ವಲ್ಪ ಹೇಳಬೇಕಾಗಿದೆ. ತಂಡಕ್ಕೆ ಒಂಬತ್ತು ಮಂದಿ; ಪ್ರತಿಯೊಂದು ತಂಡಕ್ಕೂ ಒಂಬತ್ತು ಸರದಿ. ಬಯಲಿನಲ್ಲಿ ಒಂದು ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿದಂತೆ ಗುರುತು ಮಾಡಿ, ಅದರ ನಾಲ್ಕು ಮೂಲೆಗಳಲ್ಲಿ ನಾಲ್ಕು ನೆಲೆಗಳನ್ನು ಇಟ್ಟಿರುತ್ತಾರೆ. ನೆಲೆಯಿಂದ ನೆಲೆಗೆ 90 ಅಡಿ. ಬ್ಯಾಟುಗಾರನು ಮನೆಯ ನೆಲೆಯಲ್ಲಿ ನಿಂತು ಚೆಂಡನ್ನು ಹೊಡೆದು, ಮೂರು ನೆಲೆಗಳನ್ನೂ ಮುಟ್ಟಿ ಮರಳಿ ಮನೆಗೆ ಬಂದರೆ ಒಂದು ಓಟ. ಮೂವರು ಔಟಾದರೆ ಸರದಿ ಮುಗಿಯಿತು. ಚೆಂಡನ್ನು ಎಸೆಯುವವನಿಗೆ ಪಿಚರ್ ಎಂದು ಹೆಸರು. ಅವನು ಮಣ್ಣಿನ ದಿಬ್ಬದ ಮೇಲೆ, ಮನೆಯ ನೆಲೆಯಿಂದ 60 ಅಡಿ 6 ಅಂಗುಲ ದೂರದಲ್ಲಿ ನಿಲ್ಲುತ್ತಾನೆ. ನಮ್ಮ ವಿಕೆಟ್ಟುಗಳ ನಡುವಣ 66 ಅಡಿಗೆ ಇದು ಬಹಳ ಕಡಮೆಯೇನಲ್ಲ. ಆದರೆ ಚೆಂಡು ನೆಲಕ್ಕೆ ಬಿದ್ದು ಪುಟಿಯುವುದಿಲ್ಲ. ಗಾಳಿಯಲ್ಲಿಯೇ ಬಂದು ಬ್ಯಾಟುಗಾರನ ಮುಂದೆ ಹಾದುಹೋಗಬೇಕು. ಮನೆಯ ನೆಲೆಯ ಮೇಲೆ, ಅವನ ಮೊಣಕಾಲಿಗೂ ಎದೆಗೂ ನಡುವೆ ಬಂದ ಚೆಂಡನ್ನು ಅವನು ಬಿಟ್ಟರೂ ತಪ್ಪು, ಬೀಸಿ ಕಳೆದುಕೊಂಡರೂ ತಪ್ಪು. ಮೂರು ತಪ್ಪಾದರೆ ಅವನು ಹೊರಗೆ. ಪಿಚರನು ಆ ಗಡಿಯ ಹೊರಗೆ ನಾಲ್ಕು ಸಲ ಎಸೆದರೆ ಬ್ಯಾಟುಗಾರನಿಗೆ ಮೊದಲನೆಯ ನೆಲೆ ಪುಕ್ಕಟೆ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು. ನೆಲದ ಸಹಾಯವಿಲ್ಲದೆ, ಬೆರಳು, ಮಣಿಕಟ್ಟು, ಗಾಳಿ ಇವುಗಳಿಂದಲೇ ಎದುರಾಳಿಯನ್ನು ಮೋಸಗೊಳಿಸಬೇಕಾದುದು ಪಿಚರನ ಪಾಡು.

ಮ್ಯಾಥ್ಯೂಸನ್ನನು 1880ನೆಯ ಇಸವಿ ಆಗಸ್ಟ್ 12ರಂದು ಪೆನ್ಸಿಲ್ವೇನಿಯ ಸಂಸ್ಥಾನದ ಫ್ಯಾಕ್ಟರಿವಿಲ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದನು. ಹೆಸರಿನಲ್ಲಿ ಫ್ಯಾಕ್ಟರಿ ಇದ್ದರೂ ಅದು ಹಳ್ಳಿಯೇ. ಮಗನು ಧರ್ಮೋಪದೇಶಕನಾಗಬೇಕೆಂದು ತಾಯಿಯ ಆಸೆ ಇದ್ದಿತೆಂದು ಹೇಳುತ್ತಾರೆ. 1898ರಲ್ಲಿ ಅವನು ಲೂಯಿಸ್‌ಬರ್ಗಿನ ಬಕ್‌ನೆಲ್ ವಿಶ್ವವಿದ್ಯಾಲಯಕ್ಕೆ ಸೇರಿದನು. ಆರಡಿ ಮೀರಿದ ಎತ್ತರ, ಅದಕ್ಕೆ ತಕ್ಕ ಮೈಕಟ್ಟು. ಫುಟ್‌ಬಾಲಿನಲ್ಲಿ ಚೆಂಡನ್ನು ದೂರಕ್ಕೆ ಒದೆಯುವುದರಲ್ಲಿ ಗಟ್ಟಿಗ. ಹಾಗೆಂದು ಓದಿನಲ್ಲಿ ಹಿಂದುಳಿದವನೂ ಅಲ್ಲ. ಸಹಪಾಠಿಗಳು ಅವನನ್ನು ತರಗತಿಯ ಅಧ್ಯಕ್ಷನನ್ನಾಗಿ ಆರಿಸಿದ್ದರು. ಸಾಹಿತ್ಯ ಸಂಘದಲ್ಲಿಯೂ ಗಾಯನ ಮೇಳದಲ್ಲಿಯೂ ಅವನು ಇದ್ದನು. ಕಾಲೇಜಿನಲ್ಲಿ ಪಾಠ ಹೇಳುವ ನಮ್ಮಂಥವರಿಗೆ ಇಂಥ ವಿದ್ಯಾರ್ಥಿ ಕಣ್ಣಿಗೆ ಬಿದ್ದರೆ ಆಗುವ ಸಂತೋಷ ಇತರರಿಗೆ ತಿಳಿಯದು. ಅವನು ಪದವಿಯನ್ನು ಪಡೆಯದೆ ಹೊರಟುಹೋದಾಗ ಆಗುವ ಸಂಕಟವೂ ತಿಳಿಯದು. ಮ್ಯಾಥ್ಯೂಸನ್ನನು ಪದವಿಯನ್ನು ಪಡೆಯಲಿಲ್ಲ.

ಆ ಕಾಲದಲ್ಲಿ ಸಂಬಳಕ್ಕಾಗಿ ಆಡುವವರಿಗೆ ಸಮಾಜದಲ್ಲಿ ಒಳ್ಳೆಯ ಹೆಸರಿರಲಿಲ್ಲ. ಕುಡಿತ, ಜೂಜು, ಅಂಪೈರನೊಡನೆ ಕೈಕೈ ಮಿಲಾಯಿಸುವುದು, ಇವೆಲ್ಲ ಅವರ ಲಕ್ಷಣಗಳೆಂದು ಮರ್ಯಾದಸ್ಥರು ತಿಳಿದಿದ್ದರು. ಆ ತಿಳಿವಳಿಕೆ ಪೂರ್ತಿ ಸುಳ್ಳೂ ಆಗಿರಲಿಲ್ಲ. ನಮ್ಮಲ್ಲಿ ಬಹುಕಾಲದವರೆಗೆ ನಾಟಕದ ಕಂಪೆನಿಗೆ ಸೇರಿದ ಹುಡುಗನ ವಿಷಯದಲ್ಲಿ ಮನೆಯವರಿಗೆ ಎಂಥ ಭಾವನೆ ಇರುತ್ತಿದ್ದಿತೋ, ಅಲ್ಲಿ ಬೇಸ್‌ಬಾಲಿಗೆ ಸೇರಿದವನ ವಿಷಯದಲ್ಲಿಯೂ ಅಂಥದೇ. ರಜೆಯ ದಿನಗಳಲ್ಲಿ ಟಾಂಟನ್, ನಾರ್‌ಫೋಕ್ ಮೊದಲಾದ ಊರುಗಳ ಸಣ್ಣ ತಂಡಗಳಿಗಾಗಿ ಎಸೆದ ಈ ಕಾಲೇಜು ಹುಡುಗನು 1900ರಲ್ಲಿ ನ್ಯೂಯಾರ್ಕ್ ಜಯಂಟ್ಸ್ ತಂಡಕ್ಕೆ ಬಂದನು. ಬಂದವನು ಮೂರು ಪಂದ್ಯ ಸೋತು, ಒಂದನ್ನೂ ಗೆಲ್ಲದೆ, ನಾರ್‌ಫೋಕಿಗೆ ಹಿಂದಿರುಗಿದನು. ಸಿನ್ಸಿನಾಟಿಯ ತಂಡವು ಅವನನ್ನು ತನ್ನದಾಗಿ ಮಾಡಿಕೊಂಡು, ಕೂಡಲೆ ಏಮಸ್ ರೂಸಿ ಎಂಬ ಹಳೆಯ ಹುಲಿಗೆ ಬದಲಾಗಿ ಜಯಂಟ್ಸ್ ತಂಡಕ್ಕೆ ಮರಳಿ ಕೊಟ್ಟುಬಿಟ್ಟಿತು. ರೂಸಿಯು ಸಿನ್ಸಿನಾಟಿಗೆ ಒಂದು ಪಂದ್ಯವನ್ನೂ ಗೆದ್ದುಕೊಡಲಿಲ್ಲ. ಮ್ಯಾಥ್ಯೂಸನ್ನನು ನ್ಯೂಯಾರ್ಕಿಗೆ 372 ಪಂದ್ಯಗಳನ್ನು ಗೆದ್ದುಕೊಟ್ಟನು. ಆಟದ ಚರಿತ್ರೆಯಲ್ಲಿ ಇದಕ್ಕಿಂತ ಕೆಟ್ಟ ವ್ಯಾಪಾರ ಹೆಚ್ಚು ನಡೆದಿರಲಾರದು. ಆದರೆ ನ್ಯೂಯಾರ್ಕಿನವರೂ ಮೊದಲಿಗೆ ಅವನ ಬೆಲೆಯನ್ನು ಅರಿತವರಲ್ಲ. 1902ರಲ್ಲಿ ಅಲ್ಲಿನ ಮ್ಯಾನೇಜರನೊಬ್ಬನು ಈ ಬಲಗೈಯನ್ನು ಎಸೆತದಿಂದ ಬಿಡಿಸಿ, ಮೊದಲನೆಯ ನೆಲೆಯ ಕಾವಲಿಗೆ ನಿಲ್ಲಿಸಿ ನೋಡಿದನು. ಅದೇ ವರ್ಷ ಜುಲೈ ತಿಂಗಳಲ್ಲಿ ಜಾನ್ ಮ್ಯಾಕ್‌ಗ್ರಾ ಮ್ಯಾನೇಜರನಾಗಿ ಬಂದು ಆ ಹುಚ್ಚಾಟವನ್ನು ನಿಲ್ಲಿಸಿದನು.

ಮ್ಯಾಕ್‌ಗ್ರಾ ಕುಳ್ಳ, ಮುಂಗೋಪಿ, ಬಾಯಿ ಬಿಟ್ಟರೆ ಬೈಗುಳ. ಗೆಲುವಿಗಾಗಿ ಏನನ್ನಾದರೂ ಮಾಡುವವನು. ಮ್ಯಾಥ್ಯೂಸನ್ನನು ನೀಳಕಾಯ, ಮಿತಭಾಷಿ. ಭಾನುವಾರ ಆಡುವುದಿಲ್ಲವೆಂದು ತಾಯಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಅಂದು ಚೆಂಡೆಸೆಯಲು ನಿಲ್ಲುತ್ತಿರಲಿಲ್ಲ. ಈ ಎಣ್ಣೆ-ನೀರುಗಳು ಬೆರೆತುದೇ ಒಂದು ವಿಚಿತ್ರ. 1903ರಲ್ಲಿ ಮ್ಯಾಥ್ಯೂಸನ್ನನಿಗೆ ಮದುವೆಯಾದ ಮೇಲೆ ಇವರಿಬ್ಬರೂ ಹೆಂಡಿರೊಡನೆ ನ್ಯೂಯಾರ್ಕಿನಲ್ಲಿ ಒಂದೇ ಮನೆಯಲ್ಲಿ ಸಂಸಾರ ಹೂಡಿದರು. ಸ್ನೇಹವು ಕೊನೆಯವರೆಗೂ ಕೆಡಲಿಲ್ಲ. ಪತ್ರಿಕೆಗಳು ಮ್ಯಾಥ್ಯೂಸನ್ನನನ್ನು ಸಂತನೆಂಬಂತೆ ಚಿತ್ರಿಸಿದುವು. ಅವನು ಇಸ್ಪೀಟಾಡುತ್ತಿದ್ದನು, ಹಣ ಕಟ್ಟಿಯೇ ಆಡುತ್ತಿದ್ದನು. ಚೆಕರ್ಸ್ ಎಂಬ ಮಣೆಯಾಟದಲ್ಲಂತೂ ಊರೂರಿನ ಪ್ರವೀಣರೊಡನೆ ಪಂದ್ಯ ಹೂಡುವಷ್ಟು ಹುಚ್ಚು. ಸಂತನಿಗಿಂತ ಇಂಥ ಮನುಷ್ಯನೇ ನಮಗೆ ಹೆಚ್ಚು ಪ್ರಿಯ.

ಈಗ ಆ ಬಲಗೈ ಮಾಡುತ್ತಿದ್ದುದಾದರೂ ಏನು? ತಿರುಗುತ್ತ ಹೋಗುವ ಚೆಂಡು ತನ್ನ ಮೈಗೆ ಅಂಟಿದ ಗಾಳಿಯನ್ನೂ ತನ್ನೊಡನೆ ತಿರುಗಿಸುತ್ತದೆ. ಆದುದರಿಂದ ಅದರ ಹಿಂದುಗಡೆ ಗಾಳಿಯ ಹರಿವು ಒಂದು ಪಕ್ಕಕ್ಕೆ ಓರೆಯಾಗುತ್ತದೆ. ಗಾಳಿಯು ಒಂದು ಕಡೆಗೆ ದೂಡಲ್ಪಟ್ಟರೆ ಚೆಂಡು ಇನ್ನೊಂದು ಕಡೆಗೆ ದೂಡಲ್ಪಡಬೇಕಷ್ಟೆ. ಜರ್ಮನಿಯ ಮ್ಯಾಗ್ನಸ್ ಎಂಬ ವಿಜ್ಞಾನಿಯು 1852ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದನು. ಚೆಂಡಿನ ಹೊಲಿಗೆಯ ಉಬ್ಬು ಗಾಳಿಯನ್ನು ಇನ್ನೂ ಬಲವಾಗಿ ಹಿಡಿಯುತ್ತದೆ. ಬಲಗೈ ಪಿಚರನು ಮಣಿಕಟ್ಟನ್ನು ಸಹಜವಾದ ದಿಕ್ಕಿಗೆ ತಿರುವಿದರೆ ಚೆಂಡು ಅವನ ಎಡಕ್ಕೆ, ಎಂದರೆ ಎದುರಿನ ಬಲಗೈ ಬ್ಯಾಟುಗಾರನಿಂದ ದೂರಕ್ಕೆ, ಬಾಗುತ್ತದೆ. ಇದು ಎಲ್ಲರಿಗೂ ಗೊತ್ತಿದ್ದ ತಿರುವು. ಮ್ಯಾಥ್ಯೂಸನ್ನನು ಚೆಂಡನ್ನು ಬಿಡುವಾಗ ಅಂಗೈಯನ್ನು ಹೊರಮುಖವಾಗಿ, ಬೀಗದ ಕೈಯನ್ನು ಹಿಮ್ಮುರಿ ತಿರುಗಿಸುವವನಂತೆ, ತಿರುಚುತ್ತಿದ್ದನು. ಆಗ ಚೆಂಡು ವಿಪರೀತ ದಿಕ್ಕಿಗೆ, ಬಲಗೈ ಬ್ಯಾಟುಗಾರನ ಒಳಕ್ಕೆ, ಬಾಗಿ, ವೇಗ ಕುಂದಿ ಕೆಳಕ್ಕಿಳಿಯುತ್ತಿದ್ದಿತು. ಎಡಗೈ ಬ್ಯಾಟುಗಾರನಿಗೋ, ಕೈಗೆ ಸಿಕ್ಕಿತೆಂದುಕೊಂಡ ಚೆಂಡು ಕಣ್ಣೆದುರಿಗೇ ಜಾರಿ ಮಾಯವಾಗುತ್ತಿದ್ದಿತು. ಈ ಎಸೆತಕ್ಕೆ 'ಫೇಡ್ ಅವೇ' ಎಂದು ಹೆಸರಾಯಿತು.

ಕ್ರಿಕೆಟ್ ಬಲ್ಲವರಿಗೆ ಇಲ್ಲಿ ಗೂಗ್ಲಿಯ ನೆನಪು ಬರಬೇಕು. ಸರಿಸುಮಾರು ಅದೇ ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ಬೋಸಂಕ್ವೆ ಎಂಬಾತನು, ಎಡಕ್ಕೆ ಹೊರಳಬೇಕಾದ ಚೆಂಡನ್ನು ಬಲಕ್ಕೆ ಹೊರಳಿಸಿ ಬ್ಯಾಟುಗಾರರನ್ನು ಕಂಗೆಡಿಸುತ್ತಿದ್ದನು. ಒಬ್ಬರನ್ನೊಬ್ಬರು ಕಾಣದೆ ಇಬ್ಬರು ಒಂದೇ ಬಗೆಯ ವಂಚನೆಯನ್ನು ಬೇರೆ ಬೇರೆ ಆಟಗಳಲ್ಲಿ ಸಾಧಿಸಿದರು. ವ್ಯತ್ಯಾಸ ಇಷ್ಟೆ: ಬೋಸಂಕ್ವೆಗೆ ನೆಲ ಸಹಾಯಕ್ಕಿದ್ದಿತು, ಮ್ಯಾಥ್ಯೂಸನ್ನನಿಗೆ ಇರಲಿಲ್ಲ. ಈ ಎಸೆತವು ತೋಳನ್ನು ಬಹಳ ನೋಯಿಸುತ್ತಿದ್ದಿತು. ಆದುದರಿಂದ ಅವನು ಅದನ್ನು ಒಂದು ಪಂದ್ಯದಲ್ಲಿ ಹತ್ತು ಹನ್ನೆರಡು ಸಲಕ್ಕಿಂತ ಹೆಚ್ಚಾಗಿ ಬಳಸುತ್ತಿರಲಿಲ್ಲ. ಆದರೆ ಯಾವ ಹತ್ತು ಸಲ ಎಂಬುದು ಎದುರಾಳಿಗೆ ತಿಳಿಯದಷ್ಟೆ!

ಈ ವಿದ್ಯೆಯನ್ನು ಅವನಿಗೆ ಕಲಿಸಿದವನು ರೂಬ್ ಫಾಸ್ಟರ್ ಎಂಬ ನೀಗ್ರೋ ಪಿಚರನೆಂದು ಒಂದು ಪ್ರತೀತಿ ಉಂಟು. ಅದಕ್ಕೆ ಆಧಾರವಿಲ್ಲ, ಆದರೆ ಪ್ರತೀತಿ ಹುಟ್ಟಿದುದಕ್ಕೆ ಕಾರಣವಿದೆ. ಫಾಸ್ಟರನು ಅಸಾಧಾರಣನಾದ ಆಟಗಾರನಾಗಿದ್ದರೂ ಮೈಬಣ್ಣದ ದೆಸೆಯಿಂದ ದೊಡ್ಡ ಲೀಗುಗಳ ಬಾಗಿಲು ಅವನಿಗೆ ಮುಚ್ಚಿತ್ತು. 1947ರಲ್ಲಿ ಜ್ಯಾಕಿ ರಾಬಿನ್ಸನ್ನನು ಒಳಹೋಗುವವರೆಗೂ ಆ ಬಾಗಿಲು ತೆರೆಯಲಿಲ್ಲ. ಇದನ್ನು ಓದಿ ಅಮೆರಿಕದವರನ್ನು ಹಳಿಯುವುದು ಸುಲಭ. ನಮ್ಮ ಧಾರವಾಡದಲ್ಲಿ ಹುಟ್ಟಿದ ಪಾಲವಣಕರ ಬಾಲು ಎಂಬಾತನು, ಮ್ಯಾಥ್ಯೂಸನ್ನನು ನ್ಯೂಯಾರ್ಕಿನಲ್ಲಿ ಎಸೆಯುತ್ತಿದ್ದ ಕಾಲದಲ್ಲಿಯೇ, ಪುಣೆಯಲ್ಲಿಯೂ ಮುಂಬಯಿಯಲ್ಲಿಯೂ ಐರೋಪ್ಯರ ವಿಕೆಟ್ಟುಗಳನ್ನು ಉರುಳಿಸುತ್ತಿದ್ದನು. 1911ರಲ್ಲಿ ಇಂಗ್ಲೆಂಡಿಗೆ ಹೋಗಿ ಒಂದೇ ಪ್ರವಾಸದಲ್ಲಿ ನೂರಕ್ಕೆ ಮೇಲ್ಪಟ್ಟು ವಿಕೆಟ್ಟುಗಳನ್ನು ಪಡೆದನು. ಆದರೆ ಪುಣೆಯಲ್ಲಿ ಚಹದ ವೇಳೆಗೆ ಅವನ ತಂಡದ ಹಿಂದುಗಳು ಒಳಗೆ ಕುಡಿದರೆ, ಅಸ್ಪೃಶ್ಯನೆಂದು ಅವನಿಗೆ ಹೊರಗೆ ಮಣ್ಣಿನ ಪಾತ್ರೆಯಲ್ಲಿ ಕೊಡುತ್ತಿದ್ದರು. ಕೈ ಚೆಂಡನ್ನು ತಿರುಗಿಸಿದ ಮಾತ್ರಕ್ಕೆ ಲೋಕ ತಿರುಗುವುದಿಲ್ಲ.

ಮ್ಯಾಥ್ಯೂಸನ್ನನ ನಿಜವಾದ ಬಲವು ಫೇಡ್ ಅವೇ ಎಸೆತದಲ್ಲಿಯೂ ಇರಲಿಲ್ಲ; ಅಂಕೆಯಲ್ಲಿ ಇದ್ದಿತು. ಚೆಂಡನ್ನು ಎಲ್ಲಿ ಇಡಬೇಕೆಂದರೆ ಅಲ್ಲಿ ಇಡುವನು. 1913ರಲ್ಲಿ 306 ಸರದಿಗಳನ್ನು ಎಸೆದು ಬ್ಯಾಟುಗಾರರಿಗೆ ಪುಕ್ಕಟೆ ನೆಲೆ ಕೊಟ್ಟುದು 21 ಸಲ ಮಾತ್ರ. ಅದರಲ್ಲಿಯೂ ಸತತವಾಗಿ 68 ಸರದಿಗಳಲ್ಲಿ ಒಂದನ್ನೂ ಕೊಡಲಿಲ್ಲ. ಇದರ ಹಿಂದೆ ಒಂದು ಯೋಚನೆ ಇದ್ದಿತು. ಆ ಕಾಲದ ಚೆಂಡು ಮೆದು; ಒಂದೇ ಚೆಂಡನ್ನು ಕೊಳೆಯಾಗಿ ಸೊಪ್ಪಾಗುವವರೆಗೂ ಆಡಿಸುತ್ತಿದ್ದರು. ಎಷ್ಟು ಬಲವಾಗಿ ಹೊಡೆದರೂ ಅದು ಬೇಲಿಯನ್ನು ದಾಟುವುದು ಅಪರೂಪ. ಆದುದರಿಂದ ಯಾರೂ ನೆಲೆಯ ಮೇಲೆ ಇಲ್ಲದಾಗ ಮ್ಯಾಥ್ಯೂಸನ್ನನು ಹಗುರವಾಗಿ ಎಸೆದು, ಹೊಡೆಯುವವರು ಹೊಡೆದುಕೊಳ್ಳಲಿ ಎಂದು ಬಿಡುತ್ತಿದ್ದನು. ಕಾಯುವುದಕ್ಕೆ ಹಿಂದೆ ಎಂಟು ಮಂದಿ ಇದ್ದಾರಲ್ಲ. ಎದುರಾಳಿಗಳು ಎರಡು ಮೂರು ನೆಲೆಗಳನ್ನು ಹಿಡಿದು ಪಂದ್ಯವು ಕೂದಲೆಳೆಯ ಮೇಲೆ ನಿಂತಾಗ, ಅಲ್ಲಿಯವರೆಗೆ ಕೂಡಿಟ್ಟ ಶಕ್ತಿಯೆಲ್ಲ ಹೊರಕ್ಕೆ ಬರುತ್ತಿದ್ದಿತು. ಆ ಇಕ್ಕಟ್ಟಿನ ಗಳಿಗೆಯಲ್ಲಿ ಎಸೆಯುವುದನ್ನೇ ಹೆಸರಾಗಿಟ್ಟು, ಪತ್ರಿಕಾಕರ್ತ ಜಾನ್ ವೀಲರನ ನೆರವಿನಿಂದ 1912ರಲ್ಲಿ ಅವನು ಒಂದು ಪುಸ್ತಕವನ್ನೂ ಹೊರತಂದನು. ಒಂದು ಋತುವಿನಲ್ಲಿ ಇನ್ನೂರು ಸರದಿಗಳನ್ನು ದಾಟುವ ಪಿಚರರು ಇಂದು ವಿರಳ; ಅವನು 1908ರಲ್ಲಿ 390ನ್ನು ದಾಟಿದನು. ಸಂಸಾರಸ್ಥನು ದುಡ್ಡನ್ನು ಖರ್ಚುಮಾಡುವಂತೆ ಅವನು ತೋಳನ್ನು ಖರ್ಚುಮಾಡಿದನು.

1905ರ ಅಕ್ಟೋಬರಿನಲ್ಲಿ ಮಾತ್ರ ಜಿಪುಣತನವನ್ನು ಕಾಣೆವು. ಎರಡು ಲೀಗುಗಳ ಅಗ್ರತಂಡಗಳು ಋತುವಿನ ಕೊನೆಯಲ್ಲಿ ಆಡುವ ಪಂದ್ಯಮಾಲೆಗೆ ಅವರು 'ವರ್ಲ್ಡ್ ಸೀರೀಸ್' ಎನ್ನುತ್ತಾರೆ. ಲೋಕವೆಂದರೆ ಅಮೆರಿಕ ಎಂದು ಅವರ ಎಣಿಕೆ. ಎದುರಾಳಿ ಫಿಲಡೆಲ್ಫಿಯದ ಅತ್ಲೆಟಿಕ್ಸ್. ಮ್ಯಾಥ್ಯೂಸನ್ನನು 9ನೆಯ ತಾರೀಖು ಎಸೆದು 3-0 ಗೆದ್ದನು, 12ರಂದು 9-0, ಒಂದೇ ದಿನ ಬಿಡುವು ಪಡೆದು 14ರಂದು 2-0. ಆರು ದಿನಗಳಲ್ಲಿ 27 ಸರದಿ, ಎದುರಾಳಿಗಳಿಗೆ ಒಂದು ಓಟವೂ ಇಲ್ಲ. ಪುಕ್ಕಟೆ ನೆಲೆ ಪಡೆದವನು ಒಬ್ಬನೇ. ಇಂಥದನ್ನು ಮತ್ತಾರೂ ಒಂದೇ ವರ್ಲ್ಡ್ ಸೀರೀಸಿನಲ್ಲಿ ಮಾಡಿಲ್ಲ.

ಗೆದ್ದ ಕಥೆ ಬೇಗ ಮುಗಿಯುತ್ತದೆ. ಸೋತುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. 1908ರಲ್ಲಿ ಅವನು 37 ಪಂದ್ಯಗಳನ್ನು ಗೆದ್ದನು. ಅವನ ಅತ್ಯುತ್ತಮ ವರ್ಷ ಅದು. ಸೆಪ್ಟೆಂಬರ್ 23ರಂದು ನ್ಯೂಯಾರ್ಕಿನಲ್ಲಿ ಷಿಕಾಗೊ ಕಬ್ಸ್ ತಂಡದೊಡನೆ ಪಂದ್ಯ. ಮ್ಯಾಥ್ಯೂಸನ್ನನೇ ಎಸೆಯುತ್ತಿದ್ದಾನೆ. ಒಂಬತ್ತನೆಯ ಸರದಿಯ ಕೊನೆಗೆ 1-1. ನ್ಯೂಯಾರ್ಕಿನ ಇಬ್ಬರು ಔಟಾಗಿದ್ದಾರೆ. ಮೂರನೆಯ ನೆಲೆಯಲ್ಲಿ ಮ್ಯಾಕಾರ್ಮಿಕ್, ಮೊದಲನೆಯ ನೆಲೆಯಲ್ಲಿ ಮರ್ಕಲ್ ಎಂಬ ಹತ್ತೊಂಬತ್ತು ವರ್ಷದ ಹುಡುಗ. ಆ ಸ್ಥಳದ ಹಿರಿಯ ಆಟಗಾರನಿಗೆ ಬೆನ್ನುನೋವಾದುದರಿಂದ ಅಂದು ಇವನಿಗೆ ಅವಕಾಶ ದೊರೆತಿತ್ತು. ಬ್ರಿಡ್‌ವೆಲ್ ಎಂಬವನು ಚೆಂಡನ್ನು ಬಯಲಿನ ನಡುವಿಗೆ ಹೊಡೆದನು. ಮ್ಯಾಕಾರ್ಮಿಕ್ ಮನೆಗೆ ಬಂದನು. ಪಂದ್ಯ ಗೆದ್ದಂತಾಯಿತೆಂದು ಜನರು ಬಯಲಿಗೆ ನುಗ್ಗಿದರು. ಮರ್ಕಲನು ಎರಡನೆಯ ನೆಲೆಗೆ ಓಡುತ್ತಿದ್ದವನು, ಈ ಜನಸಮುದ್ರವನ್ನು ಕಂಡು, ಅರ್ಧದಲ್ಲಿಯೇ ತಿರುಗಿ ತಂಡದ ಕೋಣೆಯ ಕಡೆಗೆ ಓಡಿದನು. ಅಂಥ ಸಂದರ್ಭದಲ್ಲಿ ಎಲ್ಲರೂ ಮಾಡುತ್ತಿದ್ದುದು ಅದನ್ನೇ. ಆದರೆ ನಿಯಮದ ಅಕ್ಷರ ಬೇರೆ. ಹಿಂದಿನವನು ತನ್ನ ನೆಲೆಗೆ ಬರುತ್ತಿರುವಾಗ ಮುಂದಿನವನು ಮುಂದಿನ ನೆಲೆಯನ್ನು ಮುಟ್ಟಲೇಬೇಕು. ಮುಟ್ಟುವ ಮೊದಲು ಎದುರಾಳಿಯು ಚೆಂಡು ಹಿಡಿದು ಆ ನೆಲೆಯನ್ನು ಮುಟ್ಟಿದರೆ ಅವನು ಔಟು. ಅದು ಮೂರನೆಯ ಔಟಾದರೆ ನಡುವೆ ಬಂದ ಓಟವೂ ಲೆಕ್ಕಕ್ಕಿಲ್ಲ. ಷಿಕಾಗೊ ತಂಡದ ಎವರ್ಸ್ ಎಂಬ ನಿಯಮಜ್ಞನು ಎಲ್ಲಿಂದಲೋ ಒಂದು ಚೆಂಡನ್ನು ತರಿಸಿ (ಅದು ಆಡಿದ ಚೆಂಡೇ ಹೌದೋ ಅಲ್ಲವೋ ಎಂಬ ಜಗಳ ಎಂದಿಗೂ ತೀರಲಿಲ್ಲ) ನೆಲೆಯನ್ನು ಮುಟ್ಟಿ ನಿಂತನು. ಅಂಪೈರ್ ಓ'ಡೇ ಮರ್ಕಲನು ಔಟೆಂದು ತೀರ್ಪು ಕೊಟ್ಟನು. ಬಯಲು ತುಂಬ ಜನ; ಕತ್ತಲೆ ಕವಿಯುತ್ತಿದೆ; ಪಂದ್ಯವು ಸಮವೆಂದಾಯಿತು.

ಋತು ಮುಗಿದಾಗ ಎರಡು ತಂಡಗಳಿಗೂ 98 ಗೆಲುವು, 55 ಸೋಲು! ಅಕ್ಟೋಬರ್ 8ರಂದು ಆ ಪಂದ್ಯವನ್ನು ಮತ್ತೆ ಆಡಿಸಿದರು. ದಣಿದ ತೋಳಿನಿಂದ ಮ್ಯಾಥ್ಯೂಸನ್ನನು ಎಸೆಯಲು ನಿಂತನು. ಎದುರಿಗೆ ಮೊದಲ ಸರದಿಯಲ್ಲಿಯೇ ಬಂದವನು ಮಾರ್ಡಕೈ ಬ್ರೌನ್. ಬಾಲ್ಯದಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಬಲಗೈಯನ್ನು ಕೊಟ್ಟು ಬೆರಳು ಕಳೆದುಕೊಂಡವನು, ಆ ಊನದ ಕೈಯಿಂದಲೇ ಯಾರೂ ಎಸೆಯಲಾರದ ತಿರುವನ್ನು ಎಸೆಯುತ್ತಿದ್ದವನು. ಮೂರನೆಯ ಸರದಿಯಲ್ಲಿ ಷಿಕಾಗೊ ನಾಲ್ಕು ಓಟ ಗಳಿಸಿ 4-2 ಗೆದ್ದಿತು. ಮರ್ಕಲನಿಗೆ 'ಮಂಕುಬುದ್ಧಿಯವ' ಎಂಬ ಹೆಸರು ಅಂಟಿ ಜನ್ಮವಿಡೀ ಹಿಂಬಾಲಿಸಿತು. ಮುಂಗೋಪಿಯಾದ ಮ್ಯಾಕ್‌ಗ್ರಾ ಮಾತ್ರ ಅವನನ್ನು ಒಂದು ಮಾತೂ ಅನ್ನದೆ ಸಂಬಳವನ್ನು ಹೆಚ್ಚಿಸಿದನೆಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾಗುತ್ತದೆ. ಅಂಪೈರನು ಮಾಡಿದುದು ಸರಿಯೇ ತಪ್ಪೇ? ನಿಯಮದ ಪ್ರಕಾರ ಸರಿ. ನಮಗೆ ಬೇರೆ ಉತ್ತರ ಕಾಣದು. ಆದರೆ ಅಲ್ಲಿಯವರೆಗೆ ಸಾಮಾನ್ಯವಾಗಿ ಯಾರೂ ಪಾಲಿಸದಿದ್ದ ನಿಯಮವನ್ನು ಒಬ್ಬ ಹುಡುಗನ ಮೇಲೆ ಪ್ರಯೋಗಿಸಿದಾಗ ಆ ಭಾರವೆಲ್ಲ ಒಬ್ಬನ ತಲೆಯ ಮೇಲೆಯೇ ಬೀಳುತ್ತದೆ.

1911ರ ವರ್ಲ್ಡ್ ಸೀರೀಸ್ ಸ್ವಲ್ಪ ನಗೆಯ ಪ್ರಸಂಗ. ಮ್ಯಾಥ್ಯೂಸನ್ನನ ಹೆಸರಿನಲ್ಲಿ ಪತ್ರಿಕೆಯಲ್ಲಿ ಲೇಖನಗಳು ಬರುತ್ತಿದ್ದುವು, ಬರೆಯುತ್ತಿದ್ದವರು ಬೇರೆ. ಎರಡನೆಯ ಪಂದ್ಯದಲ್ಲಿ ಜೊತೆಯ ಪಿಚರ್ ಮಾರ್ಕ್ವರ್ಡನ ಚೆಂಡನ್ನು ಫಿಲಡೆಲ್ಫಿಯದ ಬೇಕರನು ಬೇಲಿಯಾಚೆಗೆ ಹೊಡೆದಾಗ, ಮರುದಿನದ ಲೇಖನವು, ಹೇಳಿಕೊಟ್ಟಂತೆ ಎಸೆಯಲಿಲ್ಲವೆಂದು ಮಾರ್ಕ್ವರ್ಡನನ್ನು ಗದರಿಸಿತು. ಅದೇ ದಿನ ಒಂಬತ್ತನೆಯ ಸರದಿಯಲ್ಲಿ ಅದೇ ಬೇಕರನು ಮ್ಯಾಥ್ಯೂಸನ್ನನ ಚೆಂಡನ್ನೂ ಬೇಲಿಯಾಚೆಗೆ ಕಳುಹಿಸಿದನು! ನ್ಯೂಯಾರ್ಕ್ ಸೋತಿತು. ಮಾರ್ಕ್ವರ್ಡನ ಹೆಸರಿನಲ್ಲಿಯೂ ಲೇಖನಗಳು ಬರುತ್ತಿದ್ದುವೆಂದ ಮೇಲೆ ಮರುದಿನದ ಉತ್ತರ ಹೇಗಿದ್ದಿತೆಂಬುದನ್ನು ಊಹಿಸಿಕೊಳ್ಳಬಹುದು.

1912ರದು ನಗೆಯಲ್ಲ. ಬಾಸ್ಟನ್ ತಂಡದ ಮೇಲೆ ಮೂರು ಪಂದ್ಯಗಳಲ್ಲಿ ಎಸೆದು, ಒಂಬತ್ತು ಸರದಿಗಳಿಗೆ ಒಂದು ಓಟವನ್ನೂ ತನ್ನ ದೋಷದಿಂದ ಪೂರ್ತಿಯಾಗಿ ಕೊಡದೆ, ಅವನು ಒಂದನ್ನೂ ಗೆಲ್ಲಲಿಲ್ಲ. ಕೊನೆಯ ಪಂದ್ಯ ಹತ್ತನೆಯ ಸರದಿಗೆ ಹೋಗಿತ್ತು. ನ್ಯೂಯಾರ್ಕ್ 2-1 ಮುಂದೆ. ಸ್ನಾಡ್‌ಗ್ರಾಸ್ ಎಂಬವನು ಕೈಗೆ ಬಂದ ಸುಲಭವಾದ ಕ್ಯಾಚನ್ನು ಚೆಲ್ಲಿದನು. ಅನಂತರ ಸ್ಪೀಕರನು ಎತ್ತರಕ್ಕೆ ಹೊಡೆದ ಚೆಂಡು ಮೂವರ ನಡುವೆ, ಅವನು ಹಿಡಿಯಲಿ ಇವನು ಹಿಡಿಯಲಿ ಎನ್ನುತ್ತಿರುವಾಗ, ನೆಲಕ್ಕೆ ಬಿದ್ದಿತು. ಆ ಮೂವರಲ್ಲಿ ಒಬ್ಬ ಮರ್ಕಲ್, ಇನ್ನೊಬ್ಬ ಮ್ಯಾಥ್ಯೂಸನ್. ಬದುಕಿಕೊಂಡ ಸ್ಪೀಕರನು ಮುಂದಿನ ಎಸೆತಗಳಲ್ಲಿಯೇ ಹೊಡೆದು ಸಮಮಾಡಿದನು. ಬಾಸ್ಟನ್ 3-2 ಗೆದ್ದಿತು. ಪತ್ರಿಕೆಗಳು ಸ್ನಾಡ್‌ಗ್ರಾಸನನ್ನು ಹರಿದು ತಿಂದುವು. ಆದರೆ ಅವನು ಕ್ಯಾಚನ್ನು ಚೆಲ್ಲಿದ ಮರುಕ್ಷಣವೇ ಬಲು ಕಷ್ಟದ ಇನ್ನೊಂದನ್ನು ಹಿಡಿದಿದ್ದನೆಂಬುದನ್ನೂ, ಅದರ ಬೆನ್ನಿಗೇ ಅಂಕೆಗೆ ಹೆಸರಾದ ಮ್ಯಾಥ್ಯೂಸನ್ನನೇ ಒಬ್ಬನಿಗೆ ಪುಕ್ಕಟೆ ನೆಲೆ ಕೊಟ್ಟನೆಂಬುದನ್ನೂ ಬರೆದವರು ಕಡಮೆ.

ತೋಳು 1915ರಲ್ಲಿ ಸೋತಿತು. 1916ರ ಜುಲೈಯಲ್ಲಿ ಮ್ಯಾಕ್‌ಗ್ರಾ ಅವನನ್ನು ಸಿನ್ಸಿನಾಟಿಗೆ ಮ್ಯಾನೇಜರನಾಗಿ ಕಳುಹಿಸಿಕೊಟ್ಟನು. ಸೆಪ್ಟೆಂಬರ್ 4ರಂದು, ಹಳೆಯ ವೈರಿ ಮಾರ್ಡಕೈ ಬ್ರೌನನ ಎದುರಿಗೆ ಅವನು ಕೊನೆಯ ಸಲ ಎಸೆದನು. ಬ್ರೌನನಿಗೂ ಅದೇ ಕೊನೆ. ಓಟವನ್ನೇ ಕೊಡದಿದ್ದ ಈ ಮಹನೀಯರಿಬ್ಬರೂ ಅಂದು ಮನಬಂದಂತೆ ಹೊಡೆಸಿಕೊಂಡರು. 10-8ರಲ್ಲಿ ಮ್ಯಾಥ್ಯೂಸನ್ನನು ಗೆದ್ದನು. ಅದು ಅವನ 373ನೆಯ ಗೆಲುವು. ಸೈ ಯಂಗ್, ವಾಲ್ಟರ್ ಜಾನ್ಸನ್ ಇವರಿಬ್ಬರೇ ಆ ಸಂಖ್ಯೆಯನ್ನು ಮೀರಿದವರು. ಅಲೆಗ್ಜಾಂಡರನು ಅದಕ್ಕೆ ಸರಿಸಮನಾಗಿ ನಿಂತನು.

ಸಿನ್ಸಿನಾಟಿಯಲ್ಲಿ ಅವನಿಗೆ ಎದುರಾದುದು ಬೇರೆ ಬಗೆಯ ಇಕ್ಕಟ್ಟು. ಹಾಲ್ ಚೇಸ್ ಎಂಬ ಆಟಗಾರನು ಅತ್ಯಂತ ಚತುರ. ಆದರೆ ಜೂಜುಗಾರರಿಂದ ಹಣ ಪಡೆದು ಬೇಕೆಂದೇ ಸೋಲುತ್ತಾನೆಂದು ಗುಮಾನಿ. ಪುಕಾರು ಇದ್ದರೂ ಎಲ್ಲರೂ ಕಣ್ಣು ಮುಚ್ಚಿಕೊಂಡಿದ್ದರು. 1918ರ ಆಗಸ್ಟಿನಲ್ಲಿ ಮ್ಯಾಥ್ಯೂಸನ್ನನು ಅವನನ್ನು ತಂಡದಿಂದ ಹೊರಗೆ ನಿಲ್ಲಿಸಿದನು. ವಿಚಾರಣೆ ನಡೆಯುವ ವೇಳೆಗೆ ದೂರು ಕೊಟ್ಟವನು ಯುದ್ಧಕ್ಕಾಗಿ ಫ್ರಾನ್ಸಿನಲ್ಲಿದ್ದನು; ಸಾಕ್ಷ್ಯ ಸಾಲದೆಂದು ಲೀಗಿನ ಅಧ್ಯಕ್ಷನು ಚೇಸನನ್ನು ಬಿಟ್ಟುಬಿಟ್ಟನು. ಆ ಚೇಸನನ್ನು ಒಡನೆಯೇ ತನ್ನ ತಂಡಕ್ಕೆ ಸೇರಿಸಿಕೊಂಡವನು ಯಾರು? ಮ್ಯಾಕ್‌ಗ್ರಾ! ಯುದ್ಧದಿಂದ ಹಿಂದಿರುಗಿದ ಮ್ಯಾಥ್ಯೂಸನ್ನನು 1919ರಲ್ಲಿ ಮ್ಯಾಕ್‌ಗ್ರಾನ ಸಹಾಯಕನಾಗಿ, ತಾನು ದೂರು ಕೊಟ್ಟವನೊಡನೆಯೇ ಒಂದೇ ತಂಡದಲ್ಲಿ ಕಾಲ ಕಳೆಯಬೇಕಾಯಿತು. ಸ್ನೇಹಕ್ಕಾಗಿ ಅವನು ನುಂಗಿಕೊಂಡ ತುತ್ತುಗಳಲ್ಲಿ ಇದೇ ಅತ್ಯಂತ ಕಹಿಯಾದುದೆಂದು ನಮ್ಮ ಅಭಿಪ್ರಾಯ. ಇಲ್ಲಿ ಅವನು ಸುಮ್ಮನಿದ್ದುದನ್ನು ನಾವು ಮೆಚ್ಚಲಾರೆವು. ಆ ವರ್ಷದ ವರ್ಲ್ಡ್ ಸೀರೀಸಿನಲ್ಲಿ ಷಿಕಾಗೊ ವೈಟ್ ಸಾಕ್ಸ್ ತಂಡದ ಆಟ ಸಂಶಯಾಸ್ಪದವೆಂದು ಸುದ್ದಿ ಹಬ್ಬಿದಾಗ, ಪತ್ರಿಕಾಕರ್ತ ಹ್ಯೂ ಫುಲರ್ಟನ್ನನು ಮ್ಯಾಥ್ಯೂಸನ್ನನನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಯಾವ ತಪ್ಪು ಸಹಜ ಯಾವುದು ಕೃತಕ ಎಂಬುದನ್ನು ಅವನಿಂದ ಗುರುತು ಹಾಕಿಸಿದನು. 1921ರಲ್ಲಿ ಎಂಟು ಮಂದಿ ಆಟಗಾರರಿಗೆ ಶಾಶ್ವತವಾಗಿ ಬಹಿಷ್ಕಾರವಾಯಿತು.

ಫ್ರಾನ್ಸಿನಲ್ಲಿ ಅವನು ವಿಷಾನಿಲ ವಿಭಾಗದಲ್ಲಿ ಕ್ಯಾಪ್ಟನನಾಗಿದ್ದನು. ಸೈನಿಕರಿಗೆ ಮುಖವಾಡ ಧರಿಸುವುದನ್ನು ಕಲಿಸುವಾಗ ಗಾಳಿಯಾಡದ ಕೋಣೆಯೊಂದರಲ್ಲಿ ಗೊಂದಲವಾಗಿ ಅವನು ವಿಷವನ್ನು ಸೇವಿಸಿದನೆಂದು, ಜೊತೆಯಲ್ಲಿದ್ದ ಟೈ ಕಾಬ್ ಎಂಬ ಪ್ರಸಿದ್ಧ ಆಟಗಾರನು 1961ರಲ್ಲಿ ಪ್ರಕಟವಾದ ತನ್ನ ಆತ್ಮಚರಿತ್ರೆಯಲ್ಲಿ ಹೇಳಿದ್ದಾನೆ. ಮ್ಯಾಥ್ಯೂಸನ್ನನ ಕ್ಷಯಕ್ಕೆ ಈ ಅನಿಲವೇ ಕಾರಣವೆಂಬುದು ಸಾಮಾನ್ಯವಾದ ನಂಬಿಕೆ. ಕ್ಷಯವು ಅನಿಲದಿಂದ ಹುಟ್ಟುವುದಿಲ್ಲ. ಕಾಖ್ ಎಂಬ ವೈದ್ಯನು 1882ರಲ್ಲಿಯೇ ಅದರ ಕ್ರಿಮಿಯನ್ನು ಕಂಡುಹಿಡಿದಿದ್ದನು. ಅವನ ತಮ್ಮ ಹೆನ್ರಿಯು 1917ರಲ್ಲಿ ಅದೇ ರೋಗದಿಂದ ತೀರಿಕೊಂಡಿದ್ದುದನ್ನು ನೆನೆದರೆ, ಕ್ರಿಮಿಯು ಯುದ್ಧಕ್ಕೆ ಮುಂಚೆಯೇ ಮನೆಯಲ್ಲಿದ್ದಿತೆಂದು ಊಹಿಸುವುದು ಯುಕ್ತ. ಅನಿಲವು ಶ್ವಾಸಕೋಶವನ್ನು ದುರ್ಬಲಗೊಳಿಸಿ ಅದಕ್ಕೆ ದಾರಿ ಮಾಡಿರಬಹುದು. 1920ರಲ್ಲಿ ಅವನು ಸರನಾಕ್ ಲೇಕ್ ಎಂಬ ಬೆಟ್ಟದ ಊರಿಗೆ ಹೋದನು. ಡಾಕ್ಟರ್ ಟ್ರೂಡೊ ಸ್ಥಾಪಿಸಿದ ಆರೋಗ್ಯಧಾಮದಿಂದ ಹೆಸರಾದ ಆ ಊರಿನಲ್ಲಿ ಔಷಧವೆಂದರೆ ವಿಶ್ರಾಂತಿ, ಆಹಾರ, ತಣ್ಣನೆಯ ಗಾಳಿ. ಬೇರೆ ಮದ್ದು ಆಗ ಇರಲಿಲ್ಲ, ಸ್ಟ್ರೆಪ್ಟೊಮೈಸಿನ್ ದೊರೆತುದು 1943ರಲ್ಲಿ. ಅವನು ತಿಂಗಳುಗಟ್ಟಲೆ ಅಲುಗಾಡದೆ ಮಲಗಿದ್ದನು. ಶಕ್ತಿಯನ್ನು ಕೂಡಿಡುವ ವಿದ್ಯೆ ಅವನಿಗೆ ಹೊಸದಲ್ಲವಷ್ಟೆ. ಬದುಕುವುದಿಲ್ಲವೆಂದವರ ಮಾತು ಸುಳ್ಳಾಗಿ, 1923ರಲ್ಲಿ ಎದ್ದು ಬಾಸ್ಟನ್ ಬ್ರೇವ್ಸ್ ತಂಡದ ಅಧ್ಯಕ್ಷ ಪದವಿಯನ್ನು ಒಪ್ಪಿಕೊಂಡನು. ಅದು ವೈದ್ಯರ ಮಾತನ್ನು ಮೀರಿದ ಕೆಲಸ. ರೋಗ ಮರುಕಳಿಸಿತು.

1925ನೆಯ ಅಕ್ಟೋಬರ್ 7ರಂದು, ಪಿಟ್ಸ್‌ಬರ್ಗಿನಲ್ಲಿ ಆ ವರ್ಷದ ವರ್ಲ್ಡ್ ಸೀರೀಸಿನ ಮೊದಲನೆಯ ಪಂದ್ಯವನ್ನು ವಾಲ್ಟರ್ ಜಾನ್ಸನ್ನನು ಎಸೆದು ಗೆದ್ದ ದಿನವೇ, ಸರನಾಕ್ ಲೇಕಿನಲ್ಲಿ ಮ್ಯಾಥ್ಯೂಸನ್ನನು ತೀರಿಕೊಂಡನು. ವಯಸ್ಸು 45. ಮರುದಿನ ಎರಡು ತಂಡಗಳವರೂ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಆಡಿದರು. 1936ರಲ್ಲಿ ಆಟದ ಕೀರ್ತಿಮಂದಿರಕ್ಕೆ ಮೊದಲ ಐವರನ್ನು ಆರಿಸಿದಾಗ, ಅವರಲ್ಲಿ ಜೀವದಿಂದಿಲ್ಲದವನು ಅವನೊಬ್ಬನೇ. ಅವನನ್ನು ಮಣ್ಣುಮಾಡಿದುದು ಲೂಯಿಸ್‌ಬರ್ಗಿನಲ್ಲಿ. ಅವನು ಪದವಿಯನ್ನು ಪಡೆಯದೆ ಬಿಟ್ಟುಬಂದ ಕಾಲೇಜು ಅಲ್ಲಿಗೆ ಹತ್ತಿರ. ಆ ಕಾಲೇಜಿನ ಫುಟ್‌ಬಾಲ್ ಬಯಲಿಗೆ 1989ರಲ್ಲಿ ಅವನ ಹೆಸರನ್ನಿಟ್ಟರು.